ಎಲ್ಲವೂ ‘ಗ್ಯಾಸ್’ ಅಲ್ಲ: ಮರಳಿ ಮರಳಿ ಬರುವ ಹೊಟ್ಟೆಯ ಸಂಕಟ ಮತ್ತು ವಾಕರಿಕೆ

ಹೊಟ್ಟೆಯ ತೊಂದರೆ ಹೇಳಿಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬಹುಮಂದಿ ರೋಗದ ಹೆಸರನ್ನೂ ತಾವೇ ಇಟ್ಟುಕೊಂಡು ಬಂದಿರುತ್ತಾರೆ. ಆ ಹೆಸರು ‘ಗ್ಯಾಸ್’. ಮೇಲ್ಹೊಟ್ಟೆ ಉರಿದರೂ ಗ್ಯಾಸ್, ಊಟವಾದ ಮೇಲೆ ಹೊಟ್ಟೆ ಕಲ್ಲಿನಂತೆ ಬಿಗಿದರೂ ಗ್ಯಾಸ್, ಬೆಳಿಗ್ಗೆ ಹಲ್ಲುಜ್ಜುವಾಗ ವಾಕರಿಕೆ ಬಂದರೂ ಗ್ಯಾಸ್, ಎದೆ ಹಿಂಡಿದರೂ, ಬೆನ್ನು ಹಿಡಿದರೂ ಗ್ಯಾಸೇ. ಮದುವೆಯ ಊಟ ಮಾಡಿ ಒಂದು ರಾತ್ರಿ ಒದ್ದಾಡಿದವರು ಹೀಗೆಂದುಕೊಂಡು ಸುಮ್ಮನಾದರೆ ದೊಡ್ಡ ಹಾನಿಯೇನೂ ಇಲ್ಲ. ಆದರೆ ವಾರಕ್ಕೆರಡು ಸಲ, ತಿಂಗಳುಗಟ್ಟಲೆ ಮರಳಿ ಬರುವ ಸಂಕಟಕ್ಕೆ ಈ ಹೆಸರಿಟ್ಟರೆ ಅದರ ಹಿಂದಿನ ಕಾರಣ ಮುಚ್ಚಿಹೋಗುತ್ತದೆ. ರೋಗಿ ಮಾತ್ರವಲ್ಲ, ವೈದ್ಯನೂ ಈ ಹೆಸರಿಗೆ ಮೋಸಹೋಗಬಲ್ಲನು. ನಾವೇ ಒಮ್ಮೆ ಹಾಗೆ ಮೋಸಹೋದುದನ್ನು ಮೊದಲು ಹೇಳಿಬಿಡುತ್ತೇವೆ.

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಅರವತ್ತು ದಾಟಿದ ತಾಯಿಯೊಬ್ಬರು ಹೊಟ್ಟೆಯುರಿ, ಹುಳಿತೇಗು, ಊಟ ಕಂಡರೆ ವಾಕರಿಕೆ ಎಂದು ನಮ್ಮಲ್ಲಿಗೆ ಬಂದರು. ನಾಡಿ ಹಿಡಿದೆವು, ನಾಲಗೆ ನೋಡಿದೆವು, ಹೊಟ್ಟೆ ಮುಟ್ಟಿ ನೋಡಿದೆವು. ಆಮ್ಲಪಿತ್ತದ ಲಕ್ಷಣಗಳು ಒಂದೂ ತಪ್ಪದೆ ಇದ್ದವು. ಖಾರ, ಹುಳಿ ಬಿಡಿಸಿ ಅವಿಪತ್ತಿಕರ ಚೂರ್ಣ ಕೊಟ್ಟೆವು. ಹದಿನೈದು ದಿನ ಸ್ವಲ್ಪ ಸಮಾಧಾನ, ಮತ್ತೆ ಅದೇ ಉರಿ. ಔಷಧ ಬದಲಿಸಿದೆವು. ಪಥ್ಯ ಬಿಗಿ ಮಾಡಿದೆವು. ಎರಡು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಕಾಫಿಪುಡಿ ಕಲಸಿದ ನೀರಿನಂತೆ ವಾಂತಿಯಾಯಿತೆಂದು ಅವರ ಮಗ ಓಡಿಬಂದನು. ಅದು ಜಠರದೊಳಗೆ ಸುರಿದು ಆಮ್ಲದಲ್ಲಿ ಕಪ್ಪಾದ ರಕ್ತ. ಆ ರಾತ್ರಿಯೇ ಜಿಲ್ಲಾಕೇಂದ್ರದ ಆಸ್ಪತ್ರೆಗೆ ಸಾಗಿಸಿದರು. ರಕ್ತ ಕೊಟ್ಟರು, ಎಂಡೋಸ್ಕೋಪಿ ಮಾಡಿದರು. ಜಠರದಲ್ಲಿ ಆಳವಾದ ಹುಣ್ಣು. ತಾಯಿ ಬದುಕಿದರು.

ಗುಣವಾಗಿ ಮರಳಿದ ಮೇಲೆ ಅವರ ಎಲೆ-ಅಡಿಕೆಯ ಸಂಚಿಯಿಂದ ಒಂದು ಕಾಗದದ ಪೊಟ್ಟಣ ಹೊರಬಂದಿತು. ಅದರಲ್ಲಿದ್ದುದು ನೋವಿನ ಮಾತ್ರೆಗಳು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು, ದಿನಕ್ಕೆರಡರಂತೆ ವರ್ಷದಿಂದ ನುಂಗುತ್ತಿದ್ದರು. ಅದೂ ಬೆಳಗಿನ ಬರಿಹೊಟ್ಟೆಯಲ್ಲಿ ಚಹದ ಜೊತೆಗೆ. “ನಮಗೇಕೆ ಹೇಳಲಿಲ್ಲ ತಾಯಿ?” ಎಂದೆವು. “ಅದು ಮೊಣಕಾಲಿನ ಗುಳಿಗಿ ಐತ್ರೀ ಡಾಕ್ಟರ್ ಸಾಹೇಬ್ರ, ಹೊಟ್ಟಿಗೂ ಅದಕ್ಕೂ ಏನ್ ಸಂಬಂಧ?” ಎಂದರು. ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಕೇಳದೆ ಹೋದ ತಪ್ಪು ನಮ್ಮದು. ಅಂದಿನಿಂದ ನಾಡಿ ಹಿಡಿಯುವ ಮುನ್ನವೇ “ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ?” ಎಂದು ಕೇಳುತ್ತೇವೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಹಾಳೆ ಹರಿದವನ್ನೂ ಸೇರಿಸಿ, ಒಂದು ಕೈಚೀಲದಲ್ಲಿ ತುಂಬಿಕೊಂಡು ಬರಲು ಹೇಳುತ್ತೇವೆ.

ಆ ಮಾತ್ರೆಗೂ ಹೊಟ್ಟೆಗೂ ಇರುವ ಸಂಬಂಧ ಇಷ್ಟು. ಜಠರದಲ್ಲಿ ಉತ್ಪತ್ತಿಯಾಗುವ ಆಮ್ಲವು ಮಾಂಸವನ್ನೇ ಕರಗಿಸಬಲ್ಲಷ್ಟು ತೀಕ್ಷ್ಣವಾದುದು. ಅದು ಜಠರದ ಗೋಡೆಯನ್ನೇ ಸುಡದಂತೆ ಒಳಗಡೆ ಲೋಳೆಯ ಲೇಪವೊಂದು ಸದಾ ಹೊಸದಾಗಿ ಹುಟ್ಟುತ್ತಿರುತ್ತದೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್, ಆಸ್ಪಿರಿನ್ ಮುಂತಾದ ನೋವುನಿವಾರಕಗಳು ನೋವನ್ನು ಹುಟ್ಟಿಸುವ ದ್ರವ್ಯಗಳನ್ನು ತಡೆಯುವುದರೊಂದಿಗೆ ಈ ಲೇಪವನ್ನು ಕಾಪಾಡುವ ದ್ರವ್ಯಗಳನ್ನೂ ತಡೆಯುತ್ತವೆ. ಆದುದರಿಂದ ಊಟದ ನಂತರ ನುಂಗಿದರೆ ಅಪಾಯವಿಲ್ಲವೆಂಬ ನಂಬಿಕೆ ಅರ್ಧ ಮಾತ್ರ ಸರಿ. ಈ ಮಾತ್ರೆಗಳು ರಕ್ತದ ಮೂಲಕವೂ ಜಠರವನ್ನು ತಟ್ಟುತ್ತವೆ, ಚುಚ್ಚುಮದ್ದಿನ ರೂಪದಲ್ಲಿ ತೆಗೆದುಕೊಂಡರೂ ತಟ್ಟುತ್ತವೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಹೃದಯಾಘಾತವಾದವರಿಗೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ವೈದ್ಯರು ಬರೆದುಕೊಟ್ಟ ಆಸ್ಪಿರಿನ್ನನ್ನು ಈ ಲೇಖನ ಓದಿ ನಿಲ್ಲಿಸಬಾರದು. ಹೊಟ್ಟೆಯುರಿಯಿದ್ದರೆ ಬರೆದುಕೊಟ್ಟವರಿಗೇ ತಿಳಿಸಬೇಕು.

ವಾಕರಿಕೆ ತರುವ ಮಾತ್ರೆಗಳು ನೋವಿನವು ಮಾತ್ರವಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆರಂಭದ ವಾರಗಳಲ್ಲಿ ಅನೇಕರಿಗೆ ಹೊಟ್ಟೆ ತೊಳಸುವಿಕೆ ಮತ್ತು ಭೇದಿ ತರುತ್ತದೆ. ಊಟದ ಜೊತೆಗೆ ತೆಗೆದುಕೊಂಡು ಪ್ರಮಾಣವನ್ನು ನಿಧಾನವಾಗಿ ಏರಿಸಿದರೆ ಬಹುಪಾಲು ಹೊಂದಿಕೊಳ್ಳುತ್ತದೆ. ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗಳೂ ಹಾಗೆಯೇ. ನಮ್ಮ ಆಯುರ್ವೇದದ ಔಷಧಗಳೂ ಇದಕ್ಕೆ ಹೊರತಲ್ಲ. ಅವಿಪತ್ತಿಕರ ಚೂರ್ಣದಲ್ಲಿ ಭೇದಿಗೊಳಿಸುವ ತ್ರಿವೃತ್ ಮತ್ತು ಸಕ್ಕರೆ ದೊಡ್ಡ ಪ್ರಮಾಣದಲ್ಲಿ ಇರುತ್ತವೆ. ಗರ್ಭಿಣಿಯರೂ ಮಧುಮೇಹಿಗಳೂ ಪಕ್ಕದ ಮನೆಯವರು ಹೇಳಿದರೆಂದು ಅದನ್ನು ತರಿಸಿಕೊಂಡು ತಿನ್ನುವಂತಿಲ್ಲ. ಹಿಂಗ್ವಾಷ್ಟಕ ಚೂರ್ಣ ವಾಯುವಿನ ಉಬ್ಬರಕ್ಕೆ ಒಳ್ಳೆಯದು. ಆದರೆ ಶುಂಠಿ, ಮೆಣಸು, ಹಿಪ್ಪಲಿ, ಇಂಗು ಕೂಡಿದ ಆ ಚೂರ್ಣವನ್ನು ಹುಣ್ಣಿನಿಂದ ಉರಿಯುವ ಹೊಟ್ಟೆಗೆ ಹಾಕಿದರೆ ಗಾಯಕ್ಕೆ ಖಾರ ಎರಚಿದಂತಾಗುತ್ತದೆ. ಜ್ಯೇಷ್ಠಮಧು ಹೊಟ್ಟೆಗೆ ತಂಪೆಂದು ತಿಂಗಳುಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರುತ್ತದೆ. ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ಕುಡಿಯುವ ಹಳೆಯ ರೂಢಿಯಂತೂ ರಕ್ತದೊತ್ತಡದವರಿಗೆ ಉಪ್ಪನ್ನೇ ಕುಡಿಸಿದ ಹಾಗೆ. ಸಸ್ಯದಿಂದ ಬಂದುದೆಲ್ಲ ನಿರಪಾಯವೆಂಬ ಮಾತನ್ನು ನಾವು ಆಯುರ್ವೇದದವರೇ ಮೊದಲು ಬಿಡಬೇಕಾಗಿದೆ.

ಇನ್ನು ಆಹಾರದ ವಿಚಾರ. ನಮ್ಮ ಶಾಸ್ತ್ರವು ಜಠರಾಗ್ನಿಯನ್ನು ಸಮ, ವಿಷಮ, ತೀಕ್ಷ್ಣ, ಮಂದ ಎಂದು ನಾಲ್ಕಾಗಿ ಹೇಳುತ್ತದೆ. ಚರಕಸಂಹಿತೆಯ ವಿಮಾನಸ್ಥಾನವು ಹೊಟ್ಟೆಯನ್ನು ಮನಸ್ಸಿನಲ್ಲಿಯೇ ಮೂರು ಭಾಗ ಮಾಡಿಕೊಂಡು ಒಂದನ್ನು ಘನಾಹಾರಕ್ಕೆ, ಒಂದನ್ನು ದ್ರವಕ್ಕೆ, ಒಂದನ್ನು ದೋಷಗಳ ಸಂಚಾರಕ್ಕೆ ಬಿಡಬೇಕೆಂದು ತಿಳಿಸುತ್ತದೆ. ಹಿಂದಿನ ಊಟ ಜೀರ್ಣವಾಗುವ ಮುನ್ನ ಮತ್ತೆ ಉಣ್ಣುವುದಕ್ಕೆ ಅಧ್ಯಶನವೆಂದು ಹೆಸರು. ಇಂದಿನ ಅಜೀರ್ಣಕ್ಕೆ ಇದರಷ್ಟು ಸಾಮಾನ್ಯವಾದ ಕಾರಣ ಮತ್ತೊಂದನ್ನು ನಾವು ಕಂಡಿಲ್ಲ. ಹೊಟ್ಟೆ ತುಂಬ ಉಪಾಹಾರ, ಹತ್ತೂವರೆಗೆ ಚಹಾ ಬಿಸ್ಕತ್ತು, ಒಂದೂವರೆಗೆ ಊಟ, ಸಂಜೆ ಪೇಟೆಯಲ್ಲಿ ಮಿರ್ಚಿ ಮಂಡಕ್ಕಿ, ರಾತ್ರಿ ಹತ್ತರ ಮೇಲೆ ಟಿವಿಯ ಮುಂದೆ ಮತ್ತೊಂದು ಊಟ, ಕೂಡಲೇ ಹಾಸಿಗೆ. ಇದರಲ್ಲಿ ಜಠರಕ್ಕೆ ಬಿಡುವೆಲ್ಲಿ? ಉಂಡ ತಕ್ಷಣ ಮಲಗಿದರೆ ಅನ್ನನಾಳದ ಕೆಳಬಾಯಿಯ ಸ್ನಾಯು ಸಡಿಲಿದ್ದವರಿಗೆ ಆಮ್ಲವು ಮೇಲಕ್ಕೆ ಹರಿದುಬರುತ್ತದೆ. ಬೆಳಿಗ್ಗೆ ಬಾಯಿ ಹುಳಿ, ಗಂಟಲು ಕೆರೆತ, ವಾಕರಿಕೆ. ರಾತ್ರಿಯ ಊಟಕ್ಕೂ ನಿದ್ರೆಗೂ ಮೂರು ಗಂಟೆ ಅಂತರ ಕೊಟ್ಟು, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟುಕೊಂಡು ಗುಣ ಕಂಡವರಿದ್ದಾರೆ. ಎರಡು ದಿಂಬು ಹಾಕಿಕೊಂಡರೆ ಸಾಲದು. ಕುತ್ತಿಗೆ ಬಾಗಿ ಹೊಟ್ಟೆ ಮಡಚುತ್ತದೆ.

ಒಂದೇ ಎಣ್ಣೆಯಲ್ಲಿ ದಿನವಿಡೀ ಕರಿದ ಬಜ್ಜಿ, ಬರಿಹೊಟ್ಟೆಗೆ ಮೂರು ಲೋಟ ಗಟ್ಟಿ ಚಹಾ, ಇವುಗಳ ವಿಚಾರ ಎಲ್ಲರಿಗೂ ತಿಳಿದಿದೆ. ತಂಬಾಕಿನದು ಮಾತ್ರ ಯಾರೂ ಹೇಳಿಕೊಳ್ಳುವುದಿಲ್ಲ. ಎಲೆಯ ಜೊತೆಗೆ ಕಡ್ಡಿಪುಡಿ, ಗುಟ್ಕಾ, ಹಲ್ಲುಜ್ಜುವ ತಂಬಾಕಿನ ಪುಡಿ, ಇವುಗಳ ರಸ ನುಂಗಿದಾಗಲೆಲ್ಲ ನಿಕೋಟಿನ್ ವಾಕರಿಕೆಯನ್ನು ಕೆರಳಿಸುತ್ತದೆ. ಹೆಂಗಸರಲ್ಲಿ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟ ಎಷ್ಟಿದೆ ಎಂಬುದು ಮನೆಯ ಗಂಡಸರಿಗೇ ಗೊತ್ತಿರುವುದಿಲ್ಲ. ಮದ್ಯದ ವಿಷಯವನ್ನು ಬೇರೆ ಹೇಳಬೇಕಾಗಿಲ್ಲ.

ಹಾಲು ಕುಡಿದರೆ ಆಮ್ಲ ಶಮನವಾಗುವುದೆಂದು ರಾತ್ರಿ ಹಾಲು ಕುಡಿಯುವವರು ಬಹಳ. ಆದರೆ ನಮ್ಮ ದಕ್ಷಿಣದ ಜನರಲ್ಲಿ ಅನೇಕರಿಗೆ ಬಾಲ್ಯ ದಾಟಿದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಕಡಿಮೆಯಾಗುತ್ತದೆ. ಅಂಥವರಿಗೆ ಹಾಲು ಕುಡಿದ ಒಂದೆರಡು ಗಂಟೆಯಲ್ಲಿ ಹೊಟ್ಟೆ ಗುಡುಗುಟ್ಟಿ, ಉಬ್ಬಿ, ತೊಳಸಿ, ಕೆಲವೊಮ್ಮೆ ಭೇದಿಯಾಗುತ್ತದೆ. ಮೊಸರು, ಮಜ್ಜಿಗೆ ಅವರಿಗೆ ಸಾಮಾನ್ಯವಾಗಿ ಒಗ್ಗುತ್ತವೆ. ಎರಡು ವಾರ ಹಾಲು ಬಿಟ್ಟು ನೋಡಿದರೆ ಸಂಗತಿ ತಾನೇ ಸ್ಪಷ್ಟವಾಗುತ್ತದೆ.

ಆಹಾರ, ಔಷಧಗಳೆರಡರಲ್ಲೂ ದೋಷ ಕಾಣದಿದ್ದಾಗ ಜಠರದೊಳಗೆ ಮನೆಮಾಡಿದ ಕ್ರಿಮಿಯನ್ನು ಶಂಕಿಸಬೇಕು. ಇದರ ಕಥೆ ಸ್ವಾರಸ್ಯವಾದುದು. ನಾವು ವಿದ್ಯಾರ್ಥಿಗಳಾಗಿದ್ದ ಕಾಲದಲ್ಲಿ ಜಠರದ ಹುಣ್ಣಿಗೆ ಚಿಂತೆ, ಖಾರ, ಆಮ್ಲ ಇವಿಷ್ಟೇ ಕಾರಣವೆಂದು ಎರಡೂ ಪದ್ಧತಿಯವರು ನಂಬಿದ್ದರು. ಅಷ್ಟು ಆಮ್ಲದಲ್ಲಿ ಯಾವ ಕ್ರಿಮಿ ಬದುಕೀತು ಎಂಬುದು ಎಲ್ಲರ ಭಾವನೆ. ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ರೋಗಿಗಳ ಜಠರದಿಂದ ತೆಗೆದ ತುಣುಕುಗಳಲ್ಲಿದ್ದ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಬೆಳೆಸಿ ತೋರಿಸಿದರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯ ತುಂಬಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ ಆರಂಭವಾಗಿ, ಪರೀಕ್ಷಿಸಿದಾಗ ಜಠರದ ಒಳಪದರ ಉರಿಯೂತದಿಂದ ಕೆಂಡವಾಗಿತ್ತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಈ ಕ್ರಿಮಿ ನಮ್ಮ ದೇಶದಲ್ಲಿ ಬಹಳ ವ್ಯಾಪಕವಾಗಿದೆ. ಸಾಮಾನ್ಯವಾಗಿ ಬಾಲ್ಯದಲ್ಲಿಯೇ ಮನೆಯವರಿಂದಲೂ ಕಲುಷಿತ ನೀರಿನಿಂದಲೂ ಅಂಟುತ್ತದೆ. ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಕೆಲವರಿಗೆ ಹುಣ್ಣಾಗುತ್ತದೆ. ಬಹಳ ವರ್ಷಗಳ ಮೇಲೆ ಸ್ವಲ್ಪ ಜನರಿಗೆ ಜಠರದ ಕ್ಯಾನ್ಸರಿಗೂ ಕಾರಣವಾಗುತ್ತದೆ. ಉಸಿರಿನ ಪರೀಕ್ಷೆ, ಮಲಪರೀಕ್ಷೆ ಅಥವಾ ಎಂಡೋಸ್ಕೋಪಿಯಿಂದ ಇದನ್ನು ಪತ್ತೆಹಚ್ಚಬಹುದು. ಪತ್ತೆಯಾದರೆ ಆಂಟಿಬಯಾಟಿಕ್‌ಗಳೂ ಆಮ್ಲ ತಗ್ಗಿಸುವ ಔಷಧವೂ ಸೇರಿದ ಚಿಕಿತ್ಸೆಯನ್ನು, ಸಾಮಾನ್ಯವಾಗಿ 14 ದಿನ, ಒಂದು ಹೊತ್ತೂ ಬಿಡದೆ ಪೂರೈಸಬೇಕು. ಇಂಥ ರೋಗಿಯನ್ನು ನಮ್ಮ ಚೂರ್ಣದಲ್ಲಿಯೇ ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲವೆಂದು ನಾವು ತಿಳಿದಿದ್ದೇವೆ. ಔಷಧ ಮುಗಿದ ಮೇಲೆ ಕುಗ್ಗಿದ ಅಗ್ನಿಯನ್ನು ಪಥ್ಯದಿಂದ ಮೇಲೆತ್ತುವ ಕೆಲಸ ನಮಗಿದ್ದೇ ಇದೆ.

ಬೆಳಿಗ್ಗೆ ಎದ್ದೊಡನೆ ಒಂದು ‘ಗ್ಯಾಸ್ ಮಾತ್ರೆ’ ನುಂಗುವುದು ಈಗ ಅನೇಕ ಮನೆಗಳಲ್ಲಿ ನಿತ್ಯನೇಮವಾಗಿದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮೊದಲಾದ ಇವು ಒಳ್ಳೆಯ ಔಷಧಗಳೇ, ಹುಣ್ಣಿರುವವರಿಗೆ ಪ್ರಾಣರಕ್ಷಕಗಳು. ಆದರೆ ಕಾರಣ ಹುಡುಕದೆ ವರ್ಷಗಟ್ಟಲೆ ನುಂಗಿದರೆ ಕೆಲವರಲ್ಲಿ ಬಿ12 ಜೀವಸತ್ವ ಕುಗ್ಗುತ್ತದೆ. ಸಸ್ಯಾಹಾರಿಗಳಾದ ನಮ್ಮಲ್ಲಿ ಅದು ಮೊದಲೇ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಒಳಗಿನ ದೊಡ್ಡ ರೋಗದ ಲಕ್ಷಣಗಳನ್ನು ಇವು ಕೆಲಕಾಲ ಅಡಗಿಸಿಬಿಡಬಲ್ಲವು. ಬರೆದುಕೊಟ್ಟವರು ಎಷ್ಟು ದಿನವೆಂದು ಹೇಳಿದ್ದರೋ ಅಷ್ಟು ದಿನ ಮಾತ್ರ ನುಂಗಬೇಕು.

ಸಂಕಟ ಹೊಟ್ಟೆಯಲ್ಲಿದ್ದರೂ ಮೂಲ ಜಠರದ ಹೊರಗಿರುವುದುಂಟು. ಎಣ್ಣೆ, ತುಪ್ಪದ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು ಹುಟ್ಟಿ ಬಲಹೆಗಲಿನ ಹಿಂಭಾಗಕ್ಕೆ ಹರಿದು, ವಾಕರಿಕೆಯೊಡನೆ ಗಂಟೆಗಳ ಕಾಲ ನಿಂತರೆ ಪಿತ್ತಕೋಶದ ಕಲ್ಲನ್ನು ನೆನೆಯಬೇಕು. ಒಂದು ಸ್ಕ್ಯಾನಿಂಗ್‌ನಲ್ಲಿ ತಿಳಿಯುತ್ತದೆ. ಅನ್ನದ ವಾಸನೆಯೇ ಬೇಡವೆನಿಸಿ ಮೂತ್ರ ಗಾಢ ಹಳದಿಯಾದರೆ ಕಾಮಾಲೆ ಬರುತ್ತಿದೆ. ಕಣ್ಣು ಹಳದಿಯಾಗುವುದು ಆಮೇಲೆ. ಬಹಳ ವರ್ಷಗಳ ಮಧುಮೇಹಿಗಳಲ್ಲಿ ಜಠರದ ನರಗಳು ಸೋತು, ಮಧ್ಯಾಹ್ನ ಉಂಡುದು ರಾತ್ರಿಯವರೆಗೆ ಅಲ್ಲಿಯೇ ಕುಳಿತಿರುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಹೊತ್ತು ಕಳೆದ ಮೇಲೆ ಉಂಡುದೇ ವಾಂತಿಯಾಗುತ್ತದೆ. ಮಧುಮೇಹ, ರಕ್ತದೊತ್ತಡದವರಲ್ಲಿ ಬೆಳಗಿನ ವಾಕರಿಕೆಯೊಂದಿಗೆ ಮುಖ, ಪಾದ ಊದಿಕೊಂಡರೆ ಮೂತ್ರಪಿಂಡದ ಪರೀಕ್ಷೆಗೆ ರಕ್ತ ಕೊಡಬೇಕು. ಮಗುಬಯಸುವ ವಯಸ್ಸಿನ ಹೆಣ್ಣುಮಕ್ಕಳು ವಾಕರಿಕೆಯೆಂದು ಬಂದರೆ ಮುಟ್ಟಿನ ದಿನಾಂಕ ಕೇಳದೆ ಚೂರ್ಣವನ್ನಾಗಲಿ ಮಾತ್ರೆಯನ್ನಾಗಲಿ ಕೊಡಬಾರದು. ಸಂಕೋಚದಿಂದ ಈ ಪ್ರಶ್ನೆ ಬಿಟ್ಟುಹೋಗಿ ಆದ ಅನಾಹುತಗಳನ್ನು ನಾವು ಕಂಡಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾದುದು ಹೃದಯ. ಹೃದಯಾಘಾತವೆಂದರೆ ಎಡ ಎದೆಯನ್ನು ಕೈಯಿಂದ ಹಿಡಿದು ಕುಸಿಯುವುದೆಂದು ಸಿನಿಮಾ ನೋಡಿ ತಿಳಿದಿದ್ದೇವೆ. ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ಮೇಲ್ಹೊಟ್ಟೆಯಲ್ಲಿ ಮಾತ್ರ ಒತ್ತಡ, ವಾಕರಿಕೆ, ತೇಗು, ತಣ್ಣನೆಯ ಬೆವರು ಕಾಣಬಹುದು. ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೀಗಾಗುವುದು ಅಪರೂಪವಲ್ಲ. ನಡೆದಾಗ, ಮೆಟ್ಟಿಲು ಹತ್ತಿದಾಗ ಹುಟ್ಟಿ, ಕುಳಿತರೆ ಇಳಿಯುವ ‘ಗ್ಯಾಸ್’ ಗ್ಯಾಸಲ್ಲ. ಜಠರಕ್ಕೆ ಮೆಟ್ಟಿಲಿನ ಲೆಕ್ಕ ತಿಳಿಯದು. ಜೀರಿಗೆ ನೀರು ಕುಡಿಸುತ್ತ, ಬೆನ್ನು ನೀವುತ್ತ ಎರಡು ಗಂಟೆ ಕಳೆದು, ಇಸಿಜಿ ಮಾಡಿಸುವ ಹೊತ್ತಿಗೆ ತಡವಾದ ಮನೆಗಳ ಬಾಗಿಲಲ್ಲಿ ನಾವು ನಿಂತಿದ್ದೇವೆ. ಬೆವರಿನೊಡನೆ ಬರುವ ಹೊಟ್ಟೆಯ ಸಂಕಟಕ್ಕೆ ಮನೆಮದ್ದಿಲ್ಲ, 108ಕ್ಕೆ ಕರೆಮಾಡಬೇಕು.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಬೇರೆ ಸಂದರ್ಭಗಳನ್ನೂ ಇಲ್ಲಿಯೇ ಹೇಳುತ್ತೇವೆ. ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯ ಬಣ್ಣ, ಡಾಂಬರಿನಂತೆ ಕಪ್ಪಗೆ ಅಂಟುವ ಮಲ (ಕಬ್ಬಿಣದ ಮಾತ್ರೆ, ಮಂಡೂರ ಸೇವಿಸುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಡಾಂಬರಿನ ಅಂಟು, ದುರ್ಗಂಧ ಇರುವುದಿಲ್ಲ), ಕಾರಣವಿಲ್ಲದೆ ಇಳಿಯುವ ತೂಕ, ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ದಿನವೂ ನಿಲ್ಲದ ವಾಂತಿ, ಬೆಳಗಿನ ತಲೆನೋವಿನೊಡನೆ ವಾಂತಿ. ಇವುಗಳಲ್ಲಿ ಒಂದಿದ್ದರೂ ಸಾಕು. ಐವತ್ತೈದು ದಾಟುವವರೆಗೆ ಹೊಟ್ಟೆಯ ತೊಂದರೆಯೇ ಇಲ್ಲದವರಿಗೆ ಹೊಸದಾಗಿ ಅಜೀರ್ಣ ಆರಂಭವಾದರೆ ಎಂಡೋಸ್ಕೋಪಿ ಮಾಡಿಸಲು ಹೆದರಬಾರದು. ಅದು ಕೆಲವು ನಿಮಿಷಗಳ ಪರೀಕ್ಷೆ.

ಎಲ್ಲ ಪರೀಕ್ಷೆ ಮುಗಿದು ಏನೂ ಸಿಗದವರೂ ಬಹಳ ಮಂದಿ ಇದ್ದಾರೆ. “ಏನೂ ಇಲ್ಲ, ನಿಮ್ಮ ಭ್ರಮೆ” ಎಂದು ಅವರನ್ನು ಕಳುಹಿಸುವುದು ತಪ್ಪು. ಹಿತವಾದ ಆಹಾರವನ್ನೇ ಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ನಿದ್ರೆಗೇಡುಗಳಿಂದ ಅದು ಜೀರ್ಣವಾಗದೆಂದು ಚರಕಾಚಾರ್ಯರು ಸ್ಪಷ್ಟವಾಗಿ ತಿಳಿಸಿದ್ದಾರೆ. ಹೊಟ್ಟೆಯ ನರಗಳು ಮಿದುಳಿನೊಡನೆ ಸದಾ ಮಾತನಾಡುತ್ತಿರುತ್ತವೆಂದು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಮಗಳ ಮದುವೆಯ ಸಾಲ, ಮಳೆ ಕೈಕೊಟ್ಟ ಹೊಲ, ಪರೀಕ್ಷೆಯ ಭಯ, ಇವು ನಿಜವಾಗಿಯೂ ಹೊಟ್ಟೆಯನ್ನು ತೊಳಸುತ್ತವೆ. ಆ ನೋವು ಸುಳ್ಳಲ್ಲ. ಆದರೆ ಮೇಲೆ ಹೇಳಿದ್ದನ್ನೆಲ್ಲ ನೋಡಿಕೊಂಡ ಮೇಲೆಯೇ ಮನಸ್ಸಿನ ಕಡೆ ಬೆರಳು ತೋರಿಸಬೇಕು.

ಹಾಗಾದರೆ ತಮ್ಮ ಸಂಕಟ ಇವುಗಳಲ್ಲಿ ಯಾವುದೆಂದು ತಿಳಿಯುವುದು ಹೇಗೆ? ಅಪಾಯದ ಲಕ್ಷಣಗಳಿಲ್ಲದವರಿಗೆ ನಾವು ಒಂದು ನಲವತ್ತು ಪುಟದ ನೋಟುಪುಸ್ತಕ ತರಲು ಹೇಳುತ್ತೇವೆ. ಎರಡು ವಾರ, ದಿನವೂ ಏನು ಉಂಡಿರಿ, ಎಷ್ಟು ಗಂಟೆಗೆ, ಯಾವ ಮಾತ್ರೆ ನುಂಗಿದಿರಿ, ಎಷ್ಟಕ್ಕೆ ಮಲಗಿದಿರಿ, ಸಂಕಟ ಯಾವಾಗ ಬಂದಿತು, ಎಷ್ಟು ಹೊತ್ತು ಇದ್ದಿತು, ಇಷ್ಟನ್ನು ಬರೆಯಬೇಕು. ಬರೆಯಲು ಬಾರದವರಿಗೆ ಮನೆಯ ಶಾಲೆಯ ಮಕ್ಕಳು ಬರೆದುಕೊಡುತ್ತಾರೆ. ಅವರೇ ಕಟ್ಟುನಿಟ್ಟಾಗಿ ಲೆಕ್ಕ ಇಡುವವರು.

ಕಳೆದ ವರ್ಷ ಬಸ್ ಕಂಡಕ್ಟರ್ ಒಬ್ಬರು ಹೀಗೆ ಬರೆದ ಪುಸ್ತಕ ಹಿಡಿದು ಬಂದರು. ಮೂರು ವರ್ಷದ ಹುಳಿತೇಗು, ಬೆಳಗಿನ ವಾಕರಿಕೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಆಗಿ ವಿಶೇಷವೇನೂ ಸಿಕ್ಕಿರಲಿಲ್ಲ. ನಾವು ಪುಸ್ತಕ ತೆರೆಯುವ ಮೊದಲೇ ಅವರೇ ನಕ್ಕು, “ಸರ್, ನನಗೆ ಗೊತ್ತಾಯಿತು” ಎಂದರು. ವಾಕರಿಕೆ ಬಂದಿದ್ದ ಐದು ಬೆಳಗುಗಳೂ ವಸ್ತಿ ಬಸ್ಸಿನ ಮರುದಿನದವು. ಹಳ್ಳಿಗೆ ಕೊನೆಯ ಬಸ್ಸು ಒಯ್ದು, ಹೊರಡುವ ಮುನ್ನ ನಿಲ್ದಾಣದಲ್ಲಿ ಕಟ್ಟಿಸಿಕೊಂಡ ಮಿರ್ಚಿ ಮಂಡಕ್ಕಿಯನ್ನು ಹತ್ತೂವರೆಗೆ ತಿಂದು, ಬಸ್ಸಿನ ಸೀಟಿನಲ್ಲಿಯೇ ಮಲಗುತ್ತಿದ್ದರು. ಮನೆಯಲ್ಲಿ ಮಲಗಿದ ದಿನಗಳಲ್ಲಿ ತೊಂದರೆಯೇ ಇರಲಿಲ್ಲ. ವಸ್ತಿಯ ಪಾಳಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಈಗ ಮನೆಯಿಂದ ಎರಡು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಬಾಟಲಿ ಮಜ್ಜಿಗೆ ಒಯ್ಯುತ್ತಾರೆ. ಕೊನೆಯ ಟ್ರಿಪ್ಪಿಗೆ ಮುಂಚೆ, ಏಳೂವರೆಗೆ, ನಿಲ್ದಾಣದಲ್ಲಿಯೇ ಊಟ ಮುಗಿಸುತ್ತಾರೆ. ನಾವು ಅವರಿಗೆ ಯಾವ ಔಷಧವನ್ನೂ ಬರೆಯಲಿಲ್ಲ.